ಬೀರೇಶ್ ಬಿಟ್ಟ ಬಾಣ

ನಮ್ಮ ಬಲ ಎದುರಿಗೆ ನಿಂತವನಿಗೆ ಎಡ ಎಂಬುದನ್ನು ವರ್ಕ್ ಇನ್‌ಸ್ಪೆಕ್ಟರ್ ಬೀರೇಶ್ ಮರೆತದ್ದು ಒಂದೇ ಸಲ. ಅದೂ ಟೀ ಕುಡಿಯುವಾಗ.

ಸರಸ್ವತಿಪುರಂ ಆಚೆಯ ಜೋಡಿಬೇವಿನ ಕೆರೆಯ ಸುತ್ತ ಅವನ ಇಲಾಖೆಯವರು ನಡೆಯುವವರಿಗೂ ಸೈಕಲ್ಲಿನವರಿಗೂ ಸೇರಿಸಿ ಹೊಸ ದಾರಿ ಮಾಡಿಸಿದ್ದರು. ಯಾವ ಕಡೆಯಿಂದ ಸುತ್ತಬೇಕೆಂದು ನೆಲದ ಮೇಲೆ ಬಾಣ ಬರೆಸುವುದೊಂದು ಬಾಕಿಯಿತ್ತು. ಕೆರೆಗೆ ಬೆನ್ನು ಹಾಕಿ ನಿಂತಿದ್ದ ಬೀರೇಶ್ ಲೋಟದಿಂದ ಬಾಯಿ ತೆಗೆಯದೆ "ಬಲಕ್ಕೆ" ಎಂದ. ಕೆರೆಗೆ ಮುಖ ಮಾಡಿ ನಿಂತಿದ್ದ ಪೇಂಟರ್ ತನ್ನ ಬಲಕ್ಕೆ ಬರೆಯುತ್ತ ಹೋದವನು, ಇಡೀ ಕೆರೆ ಸುತ್ತಿ ಬಂದ ಮೇಲೆಯೇ ತಲೆ ಎತ್ತಿದ್ದು.

ಹೀಗೆ ಬಾಣಗಳೆಲ್ಲ ಅಪ್ರದಕ್ಷಿಣೆಗೆ ತಿರುಗಿದವು. ವಾಕಿಂಗ್‌ನವರೋ, ದೇವಸ್ಥಾನ ಸುತ್ತಿದಂತೆ ಕೆರೆಯನ್ನೂ ಬಲಗಡೆ ಇಟ್ಟುಕೊಂಡೇ ಸುತ್ತುವವರು. ಬಾಣ ಒಂದು ಕಡೆ, ಪ್ರಾಣ ಇನ್ನೊಂದು ಕಡೆ. ಬಾಣದ ಮಾತು ಕೇಳಿದವರು ಟ್ಯುಟೋರಿಯಲ್‌ಗೆ ಹೋಗುವ ಸೈಕಲ್ ಹುಡುಗರು ಮಾತ್ರ. ಅವರು ಬೆಲ್ ಹೊಡೆಯುತ್ತ ಎದುರಿಗೆ ಬಂದರೆ, ವಾಕಿಂಗ್ ದಂಡು ಬಸ್ಸು ಕಂಡ ಕುರಿಮಂದೆಯಂತೆ ಎರಡು ಭಾಗವಾಗುತ್ತಿತ್ತು.

ಮೊನ್ನೆ ಸಂಜೆ ಇಂಜಿನಿಯರ್ ವಿಜಯ್‌ಕುಮಾರ್ ಸಾಹೇಬರ ಫೋನ್ ಬಂತು. ಬಾಣದ ಬಗ್ಗೆ ದೂರು ಬಂದಿದೆ, ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲೇ ಇರು ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಪಕ್ಕದ ಕುರ್ಚಿಯ ಶಿವರಾಮು ಕೇಳದಿದ್ದರೂ ಅರ್ಥ ಬಿಡಿಸಿದ.

"ಹಿಂದೆ ಇಂಥದೇ ಫೋನ್ ನಮ್ಮ ಆಫೀಸಿನ ಚಿಕ್ಕಯ್ಯಂಗೆ ಬಂದಿತ್ತು ಕಣಯ್ಯ. ಈಗ ಮಂಡಕಳ್ಳಿ ಏರ್‌ಪೋರ್ಟ್ ಪಕ್ಕದ ಸ್ಟೋರಲ್ಲಿ ಪೈಪ್ ಕಾಯ್ಕೊಂಡು, ಇಮಾನ ಏರೋದು ಇಳಿಯೋದು ನೋಡ್ಕೊಂಡು ಕೂತವ್ನೆ."

ಬೀರೇಶನಿಗೆ ರಾತ್ರಿಯೆಲ್ಲ ವಿಮಾನದ ಸದ್ದು. ಸಾಹೇಬರು ನೋಡುವ ಹೊತ್ತಿಗೆ ಜನ ಬಾಣದ ಪ್ರಕಾರ ನಡೆದರೆ ಸಾಕು, ಬಾಣ ಸರಿಯಾಗಿದೆ ಎಂದಾಗುತ್ತದೆ. ಬಾಣವನ್ನು ತಿರುಗಿಸುವ ಟೈಮಿಲ್ಲ. ಜನರನ್ನೇ ತಿರುಗಿಸಬೇಕು.

ಬೆಳಕು ಹರಿಯುವಾಗಲೇ ಕೆರೆಯ ಗೇಟಿಗೆ ಬಂದು ನಿಂತ. ಮೊದಲು ಸಿಕ್ಕವರು ಹೆಂಗಸರ ತಂಡದ ಮುಂದಾಳು ಮಾದೇವಮ್ಮ, ರಿಟೈರ್ಡ್ ಸ್ಕೂಲ್ ಮೇಡಮ್ಮು. ಇವತ್ತೊಂದಿನ ಆ ಕಡೆಯಿಂದ ಸುತ್ತಬೇಕೆಂದು ಬೀರೇಶ್ ಕೈಮುಗಿದ. ಅವರು ಅವನನ್ನು ಹೋಮ್‌ವರ್ಕ್ ಮಾಡದವನನ್ನು ನೋಡುವಂತೆ ನೋಡಿದರು.

"ಅಪ್ರದಕ್ಷಿಣೆ ಯಾವಾಗ ಹಾಕ್ತಾರೆ ಗೊತ್ತೇನಪ್ಪಾ? ನಾನಿನ್ನೂ ಇದ್ದೀನಿ."

ಇಲ್ಲಿ ಗುಡಿಯೇನೂ ಇಲ್ಲವಲ್ಲ ಎಂದು ಇವನು ವಾದಿಸಿದ. ನೀರಿರುವ ಕಡೆ ಗಂಗಮ್ಮ ಇರುವುದಿಲ್ಲವೇ ಎಂದು ಅವರು ಕೇಳಿದರು. ಹಿಂದಿದ್ದ ಹೆಂಗಸರೆಲ್ಲ ಗಂಗಮ್ಮನ ಪರವಾಗಿ ತಲೆಯಾಡಿಸಿ, ಬಾಣ ತುಳಿದುಕೊಂಡು ಉಲ್ಟಾ ಹೊರಟರು.

ಆಮೇಲೆ ಬಂದವರು ರೈಲ್ವೆಯಲ್ಲಿದ್ದು ನಿವೃತ್ತರಾದ ಅಂತೋಣಪ್ಪ. ಇವರಿಗೆ ಪ್ರದಕ್ಷಿಣೆಯ ಹಂಗಿಲ್ಲ ಎಂದು ಬೀರೇಶ್ ಖುಷಿಪಟ್ಟ.

"ನಮಗೆ ಆ ಶಾಸ್ತ್ರ ಇಲ್ಲ ಕಣಪ್ಪ," ಎಂದರು ಅಂತೋಣಪ್ಪ. "ಆದ್ರೆ ನಾನೊಬ್ನೇ ಆ ಕಡೆಯಿಂದ ಹೋದ್ರೆ ಎಲ್ರೂ ಎದುರು ಸಿಗ್ತಾರೆ. ಒಂದೊಂದು ಸುತ್ತಿಗೂ ಎರಡೆರಡು ಸಲ. ಗುಡ್ ಮಾರ್ನಿಂಗ್ ಹೇಳಿ ಹೇಳಿ ಬಾಯಿ ಒಣಗೋಯ್ತದೆ."

ಅಷ್ಟು ಹೇಳಿ ಅವರು ಬಗ್ಗಿ ಬಲಮಂಡಿ ನೀವಿಕೊಂಡರು. ಅಲ್ಲಿ ಬೀರೇಶನಿಗೆ ಹೊಳೆಯಿತು.

"ನೋಯ್ತಾ ಇದೆಯಾ ಸಾರ್? ನೋಯ್ದೆ ಇರ್ತದಾ. ದಿನಾ ಬಲಕ್ಕೇ ತಿರುಗಿದ್ರೆ ಭಾರ ಎಲ್ಲಾ ಬಲಮಂಡಿ ಮೇಲೇ ಬೀಳ್ತದೆ. ಡಾಕ್ಟ್ರುಗಳನ್ನ ಕೇಳಿಯೇ ಇಲಾಖೆಯೋರು ಬಾಣ ಎಡಕ್ಕೆ ಬರೆಸಿರೋದು."

ಅಂತೋಣಪ್ಪ ನಿಂತಲ್ಲೇ ಇಂಜಿನ್ನಿನಂತೆ ರಿವರ್ಸ್ ತೆಗೆದುಕೊಂಡರು. ಹೋಗುತ್ತಲೇ ವಾಕಿಂಗ್ ಗ್ರೂಪಿನ ವಾಟ್ಸಾಪಿಗೆ ವಿಷಯ ಹಾಕಿದರು. ಮಂಡಿಯ ಸುದ್ದಿಗೆ ಕಾಲಿಲ್ಲದಿದ್ದರೂ ಅದೇ ಎಲ್ಲರಿಗಿಂತ ಮುಂಚೆ ಕೆರೆ ಸುತ್ತಿತು. ಗೇಟಿನಲ್ಲಿ ಮಂಡಿ ಎಂದು ಹೊರಟದ್ದು ಏರಿ ದಾಟುವಾಗ ಸೊಂಟವಾಗಿ, ಆಚೆ ದಡಕ್ಕೆ ಕಿಡ್ನಿಯಾಗಿತ್ತು. ಬಲಕ್ಕೇ ತಿರುಗುವವರ ಬಲಗಡೆ ಕಿಡ್ನಿ ಜಾರುತ್ತದೆ ಎಂದು ಯಾರೋ ಬೀರೇಶನಿಗೇ ಬಂದು ತಿಳಿಸಿದರು. ಅವನು ಗಾಬರಿಯಾಗಿ ತನ್ನ ಸೊಂಟ ಮುಟ್ಟಿಕೊಂಡ.

ಮಾದೇವಮ್ಮನ ತಂಡವೂ ತಿರುಗಿತು. ಗಂಗಮ್ಮನ ಗತಿಯೇನೆಂದು ಬೀರೇಶ್ ಕೇಳಿಯೇಬಿಟ್ಟ.

"ಮಂಡಿ ಉಳಿದ್ರೆ ತಾನೇ ಪ್ರದಕ್ಷಿಣೆ," ಎಂದರು ಅವರು, ನಿಲ್ಲದೆ.

ಸಾಹೇಬರ ಜೀಪು ಬಂದಾಗ ಕೆರೆ ದಸರಾ ಮೆರವಣಿಗೆಯ ರಿಹರ್ಸಲ್‌ನಂತಿತ್ತು. ಎಲ್ಲರೂ ಒಂದೇ ದಿಕ್ಕು. ಸೈಕಲ್ ಹುಡುಗರು ಯಾರಿಗೂ ಗುದ್ದದೆ ಬೇಜಾರಿನಿಂದ ಹೋಗುತ್ತಿದ್ದರು. ಸಾಹೇಬರು ಮಾದೇವಮ್ಮನನ್ನು ನಿಲ್ಲಿಸಿ ಬಾಣದಿಂದ ತೊಂದರೆಯೇನಾದರೂ ಉಂಟೇ ಎಂದು ಕೇಳಿದರು. ಮೇಡಮ್ಮು ಅವರಿಗೆ ಬಲಮಂಡಿಯ ಮೇಲೊಂದು ಪೂರ್ತಿ ಪೀರಿಯಡ್ ಪಾಠ ಮಾಡಿದರು. ಸಾಹೇಬರು ಕೇಳುತ್ತ ಕೇಳುತ್ತ ತಮ್ಮ ಮಂಡಿಯನ್ನು ಎರಡು ಸಲ ಮಡಚಿ ನೋಡಿಕೊಂಡರು.

ಬೀರೇಶ್ ಆಗ ಜೀಪಿನ ಹಿಂದಿನ ಸೀಟು ನೋಡಿದ. ಅಲ್ಲಿ ಅದೇ ಪೇಂಟರ್ ಕೂತಿದ್ದ. ಕಾಲ ಹತ್ತಿರ ಬಣ್ಣದ ಡಬ್ಬಗಳು.

"ನಕ್ಷೆಗೆ ಸೈನ್ ಹಾಕಿದ್ದು ನಾನೇ ಕಣಯ್ಯ," ಎಂದರು ಸಾಹೇಬರು. "ದಿಕ್ಕು ಬರೆಯೋದು ನಾನೇ ಮರೆತಿದ್ನೇನೋ ಅನ್ಕೊಂಡೆ. ಯಾರಿಗೂ ಹೇಳ್ದೆ ಇವತ್ತು ಎಲ್ಲಾ ಅಳಿಸಿ, ತಿರುಗಿಸಿ ಬರೆಸ್ಬುಡೋಣ ಅಂತ ಇವನನ್ನ ಕರ್ಕೊಂಡು ಬಂದೆ. ನೋಡಿದ್ರೆ ಜನಕ್ಕೆ ಹಿಂಗೇ ಇಷ್ಟ. ದೂರು ಕೊಟ್ಟೋನು ಯಾವನೋ ಸುಳ್ಳುಬುರುಕ."

ಪೇಂಟರನನ್ನು ಡಬ್ಬಗಳ ಸಮೇತ ವಾಪಸ್ ಕಳಿಸಲಾಯಿತು. ಬಾಣ ತಿರುಗಿಸಿಬಿಡಿ ಸಾರ್ ಎನ್ನಲು ಈಗ ಯಾವ ಕಾರಣವನ್ನೂ ಬೀರೇಶನೇ ಉಳಿಸಿರಲಿಲ್ಲ.

ಸಾಹೇಬರು ಅವನ ಭುಜ ತಟ್ಟಿದರು. ಇಷ್ಟು ಜನರನ್ನು ಶಿಸ್ತಿನಲ್ಲಿಟ್ಟ ಮೇಲೆ ಇನ್ನು ದಿನಾ ಬೆಳಿಗ್ಗೆ ಇಲ್ಲಿ ನಿಲ್ಲುವುದು ಅವನದೇ ಡ್ಯೂಟಿ ಎಂದರು. ನಾಳೆ ಊರಿನ ದೊಡ್ಡವರನ್ನೆಲ್ಲ ಕರೆತಂದು ತೋರಿಸುವುದಾಗಿಯೂ, ಒಬ್ಬರು ಉಲ್ಟಾ ಹೋದರೂ ಮಂಡಕಳ್ಳಿಯಲ್ಲಿ ಚಿಕ್ಕಯ್ಯನ ಪಕ್ಕ ಜಾಗವಿದೆಯೆಂದೂ ನಗುತ್ತಲೇ ಹೇಳಿ ಜೀಪು ಹತ್ತಿದರು.

ಜೀಪು ಮರೆಯಾದ ಮೇಲೆ ಬೀರೇಶ್ ಮಾದೇವಮ್ಮನಿಗೆ ಮತ್ತೆ ಕೈಮುಗಿದು, ನಾಳೆಯೂ ಹೀಗೇ ಬರಬೇಕೆಂದು ಕೇಳಿಕೊಂಡ. ಅವರು ಬೆಂಚಿನ ಮೇಲೆ ಕೂತು ಶೂ ಲೇಸ್ ಸಡಿಲ ಮಾಡುತ್ತಿದ್ದರು.

"ನಾಳೆ ಹೆಂಗಪ್ಪಾ ಆಗುತ್ತೆ? ಇವತ್ತೆಲ್ಲಾ ಎಡಕ್ಕೆ ತಿರುಗಿದ್ದೀವಿ. ನಾಳೇನೂ ಹಂಗೇ ತಿರುಗಿದ್ರೆ ಎಡಮಂಡಿ ಸವೆಯಲ್ವಾ? ಒಂದಿನ ಈ ಕಡೆ, ಒಂದಿನ ಆ ಕಡೆ ಅಂತ ಗ್ರೂಪಲ್ಲಿ ಆಗ್ಲೇ ತೀರ್ಮಾನ ಆಯ್ತು."