ಮೋಟಾರು ಕೆಡಲೆಂದು ಹೊತ್ತ ಹರಕೆ

ದೇವರ ಮುಂದೆ ಕೇಳಿಕೊಳ್ಳುವುದಕ್ಕೂ ಒಂದು ಕ್ರಮ ಬೇಕು. ನಿನ್ನೆ ಮಳೆ ಬರಲಿ ಎಂದು ಕೈಮುಗಿದವಳು ಇವತ್ತು ಹಪ್ಪಳ ಒಣಹಾಕಿ ಬಿಸಿಲು ಬರಲಿ ಎಂದರೆ ಆ ತಾಯಿಯಾದರೂ ಯಾವ ಅರ್ಜಿಗೆ ರುಜು ಹಾಕಿಯಾಳು? ಈ ಬುದ್ಧಿ ನನಗೆ ಬಂದದ್ದು ಒಂದು ದೋಣಿ ಮೋಟಾರಿನಿಂದ.

ನಮ್ಮ ಯಜಮಾನರು ಮಾರಿಕಣಿವೆ ಹಿನ್ನೀರಿನಲ್ಲಿ ಮೀನು ಹಿಡಿಯುವವರು. ಆಚೆ ದಡದ ಬಲೆಗಳಿಂದ ಮೀನು ತಂದು ಬೆಳಗಿನ ಹಿರಿಯೂರು ಬಸ್ಸಿಗೆ ಬುಟ್ಟಿ ಏರಿಸಿದರೆ ವ್ಯಾಪಾರ; ಬಸ್ಸು ತಪ್ಪಿದರೆ ಊರಿನ ಬೆಕ್ಕುಗಳಿಗೆ ಹಬ್ಬ. ಹುಟ್ಟು ಹಾಕಿ ಹಾಕಿ ಅವರ ತೋಳು ಸೋತಾಗ ದುರ್ಗದ ಅಂಗಡಿಯಿಂದ ಮೋಟಾರು ಬಂತು. ನನ್ನ ಕೊರಳಲ್ಲಿದ್ದ ಎರಡೆಳೆ ಸರ ಅಂದಿನಿಂದ ದೋಣಿಯ ಹಿಂದೆ ನೇತಾಡತೊಡಗಿತು.

ಈ ಮೋಟಾರು ದಡದಲ್ಲಿ ಹತ್ತಾರು ಸಲ ಹಗ್ಗ ಎಳೆದ ಮೇಲೆ ಹೊಸ ಅಳಿಯನಂತೆ ಗತ್ತಿನಿಂದ ಗುರುಗುಟ್ಟುತ್ತಿತ್ತು. ನಡುನೀರಿಗೆ ಹೋದೊಡನೆ ಉಸಿರು ಬಿಡುತ್ತಿತ್ತು. ನಿಂತಾಗಲೆಲ್ಲ ಗಾಳಿ ನಮ್ಮ ದಡದ ಕಡೆಗೇ ಬೀಸುತ್ತಿತ್ತು. ದೋಣಿ ತಾನೇ ತೇಲಿ ದಡ ಸೇರುತ್ತಿತ್ತು; ನಮ್ಮ ಮಾರಮ್ಮ ಅಷ್ಟನ್ನಾದರೂ ಕೊಟ್ಟಳು. "ತಾಯಿ ಮಾರಮ್ಮಾ, ಇದು ಒಂದೇ ಎಳೆತಕ್ಕೆ ಹೊರಡಲಿ, ಹಸಿರು ಸೀರೆ ಉಡಿಸುತ್ತೇನೆ" ಎಂದು ನಾನು ಹರಕೆ ಹೊತ್ತೆ.

ಅಂಗಡಿಯವರು ಒಂದು ವರ್ಷದ ಗ್ಯಾರಂಟಿ ಕೊಟ್ಟಿದ್ದರು. ಯಜಮಾನರು ದೂರು ಒಯ್ದಾಗ, "ಪೆಟ್ರೋಲ್ ತುಟ್ಟಿ ಆಯ್ತಂತ ಸೀಮೆಎಣ್ಣೆ ಬೆರೆಸಿರ್ತೀರಿ" ಅಂದರು. ಮತ್ತೊಮ್ಮೆ ಹೋದಾಗ, "ಮೋಟಾರು ಚೆನ್ನಾಗೈತೆ, ನಿಮ್ಮ ನೀರೇ ಸರಿಯಿಲ್ಲ" ಅಂದರು.

"ಹಂಗಾರೆ ಗ್ಯಾರಂಟಿ ಒಳಗೆ ನೀರೇ ಬದಲಾಯಿಸಿ ಕೊಡ್ರಿ" ಎಂದು ಇವರು ಅಲ್ಲೇ ಕುಳಿತುಬಿಟ್ಟರಂತೆ. ಕೊನೆಗೆ, ಮೆಕ್ಯಾನಿಕ್‌ ಕಣ್ಣೆದುರಿಗೆ ಕೆಟ್ಟರೆ ಮಾತ್ರ ಹೊಸದು ಎಂದು ಮಾತಾಯಿತು. ಗ್ಯಾರಂಟಿಯ ಕಡೆಯ ವಾರದಲ್ಲಿ ಮೆಕ್ಯಾನಿಕ್ ಬಂದರು.

ಆ ಬೆಳಿಗ್ಗೆ ನಾನು ಗಡಿಬಿಡಿಯಲ್ಲಿ ಹರಕೆ ತಿರುಗಿಸಿದೆ: "ತಾಯೀ, ಇವತ್ತೊಂದು ದಿನ ಕೆಡಿಸು, ಸೀರೆಯ ಜೊತೆ ರವಿಕೆ ಕಣವನ್ನೂ ಕೊಡುತ್ತೇನೆ." ಮೆಕ್ಯಾನಿಕ್ ಹಗ್ಗ ಎಳೆದರು. ಒಂದೇ ಎಳೆತ, ಬರಬರ ಎಂದು ಹೊರಟಿತು. ಹಳೆಯ ಅರ್ಜಿ ಮಂಜೂರಾಗಿತ್ತು.

"ನೋಡ್ರಿ ಯಜಮಾನ್ರೇ, ಕಂಪನಿ ಮಾಲು ಅಂದ್ರೆ ಇದು" ಎಂದರು ಅವರು. ಇವರು ನನ್ನನ್ನು ದುರುಗುಟ್ಟಿ ನೋಡಿ, "ಏನಂತ ಬೇಡ್ಕಂಡೆ ನೀನು?" ಎಂದರು.

ನಾನು ಸೋಲುವವಳಲ್ಲ. "ಬರ್ರಿ ಅಣ್ಣಾ, ಆಚೆ ದಡಕ್ಕೆ ಹೋಗಾಣ. ಅಲ್ಲಿ ಆಗಿಂದಾಗ ಹಿಡಿದ ಮೀನು ಸಿಗ್ತೈತೆ, ಹುರಿದು ಕೊಡ್ತೀನಿ" ಎಂದೆ.

"ನನ್ನ ಕೆಲಸ ದಡದಾಗೆ ಮುಗೀತಕ್ಕಾ" ಎನ್ನುತ್ತಲೇ ಅವರು ದೋಣಿ ಹತ್ತಿದರು. ಬಾಣಲೆ, ಎಣ್ಣೆ, ಖಾರದಪುಡಿ ಹಿಡಿದು ನಾನೂ ಹತ್ತಿದೆ.

ಸರಿಯಾಗಿ ನಡುನೀರಿನಲ್ಲಿ ಮೋಟಾರು ನಿಂತಿತು. ನಗು ತಡೆಯಲು ಸೆರಗು ಕಚ್ಚಿಕೊಂಡೆ. ಮೆಕ್ಯಾನಿಕ್ ಹಗ್ಗ ಎಳೆದರು, ಮತ್ತೆ ಎಳೆದರು, ಅಂಗಿ ಬೆವರಿನಲ್ಲಿ ತೊಯ್ದುಹೋಯಿತು.

"ಹುಟ್ಟು ಎಲ್ಲಿ?"

"ದಡದಾಗೆ ಐತೆ. ಕಂಪನಿ ಮಾಲು ಅಂದ್ರಲ್ಲ, ಯಾಕೆ ಬೇಕು ಅಂತ ಬಿಟ್ಟೆ" ಎಂದರು ಇವರು ತಣ್ಣಗೆ.

ಮೆಕ್ಯಾನಿಕ್ ನೀರು ನೋಡಿದರು, ಆಕಾಶ ನೋಡಿದರು, ಕಣ್ಣು ಮುಚ್ಚಿ ಕೈಮುಗಿದರು. "ಅಮ್ಮಾ ಮಾರಮ್ಮಾ, ಒಂದ್ಸಲ ಸ್ಟಾರ್ಟ್ ಮಾಡ್ಸು." ಅದೇ ದೋಣಿಯಲ್ಲಿ, ಅವರ ಪಕ್ಕದಲ್ಲೇ ಕುಳಿತು ನಾನು ಮನಸ್ಸಿನಲ್ಲಿ, "ಅವಸರ ಮಾಡಬೇಡ ತಾಯೀ, ಅವರು ಬರೆದುಕೊಡುವ ತನಕ ತಡೆ" ಎನ್ನುತ್ತಿದ್ದೆ.

"ಕೆಟ್ಟೈತೆ ಅಂತ ಬರೆದು ಕೊಡ್ರಿ. ಆಮೇಲೆ ತೆಪ್ಪದವರನ್ನ ಕೂಗಿ ಕರೆಯಾಣ" ಎಂದರು ಇವರು. ಮೆಕ್ಯಾನಿಕ್ ಮೊಣಕಾಲಿನ ಮೇಲೆ ಚೀಟಿ ಇಟ್ಟು ಬರೆದು ರುಜು ಹಾಕಿದರು. ನಾನು ಅದನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ತೆಪ್ಪವೊಂದೂ ಕಾಣದ್ದರಿಂದ ಇವರು ಸುಮ್ಮನೆ ಹಗ್ಗ ಜಗ್ಗಿದರು. ಬರಬರ ಬರಬರ. ಹೊರಟೇಬಿಟ್ಟಿತು.

ಮೆಕ್ಯಾನಿಕ್ ಕೈ ಚಾಚಿದರು. "ಅಕ್ಕಾ, ಆ ಚೀಟಿ ಒಂಚೂರು ಕೊಡ್ರಿ ಇಲ್ಲಿ."

ಮನೆಯಲ್ಲಿ ಮಕ್ಕಳಿಗೆ ದಿನವೂ ಸತ್ಯ ನುಡಿಯಿರಿ ಎಂದು ಹೇಳುವ ನಾನು ಗುಡ್ಡದ ಕಡೆಗೆ ಮುಖ ತಿರುಗಿಸಿ, ಇಂಜಿನ್ನಿನ ಸದ್ದಿಗೆ ಏನೂ ಕೇಳಿಸದವಳಂತೆ ಕುಳಿತೆ. ಆಚೆ ದಡದಲ್ಲಿ ಅವರಿಗೆ ಮೀನಿನ ಮೇಲೆ ಮೀನು ಬಡಿಸಿದೆ. ಹೊಸ ಮೋಟಾರು ಬಂತು, ತಾಯಿಗೆ ಸೀರೆಯೂ ರವಿಕೆ ಕಣವೂ ಸಂದವು. ಬಾಯಿಬಿಟ್ಟು ನಾನು ಒಂದು ಸುಳ್ಳೂ ಹೇಳಲಿಲ್ಲ, ಅದೊಂದು ಪುಣ್ಯ. ಕಿವಿಯಿಂದ ಹೇಳಿದ ಸುಳ್ಳಿಗೆ ಏನು ಶಿಕ್ಷೆ ಎಂದು ಆಕೆಯನ್ನು ಕೇಳಲು ಮಾತ್ರ ಇನ್ನೂ ಧೈರ್ಯ ಬಂದಿಲ್ಲ.