ಹಳೇ ಪಿಕಪ್ಪಿನ ಎಡಬಾಗಿಲು

ನಮ್ಮ ಹಳೇ ಪಿಕಪ್ಪಿನ ಎಡಬಾಗಿಲು ತೆರೆಯಬೇಕಾದರೆ ಹಿಡಿಕೆಯನ್ನು ಎತ್ತಿ ಹಿಡಿದು, ಅದೇ ಕ್ಷಣಕ್ಕೆ ಕೆಳಗೆ ಮೊಣಕಾಲಿನಿಂದ ಒಂದು ಪೆಟ್ಟು ಕೊಡಬೇಕು. ಜನರ ಎದುರು ಜೋರಾಗಿ ಸೀನಲೂ ಸಂಕೋಚಪಡುವ ನಾನು ಗಂಗಾವತಿಯ ಕಾಲೇಜಿನ ಗೇಟಿನ ಮುಂದೆ, ಗೆಳತಿಯರೆಲ್ಲ ನೋಡುತ್ತಿರುವಾಗ, ವರ್ಷಗಟ್ಟಲೆ ಆ ಬಾಗಿಲನ್ನು ಗುದ್ದಿ ಹತ್ತಿದ್ದೇನೆ. ಸಿದ್ದಾಪುರದ ಭತ್ತವನ್ನು ಗಿರಣಿಗೆ ಇಳಿಸಿ, ನನ್ನನ್ನು ಕರೆದೊಯ್ಯಲು ಅಪ್ಪ ತರುತ್ತಿದ್ದ ಗಾಡಿ. ಮನೆ ಮುಟ್ಟುವಷ್ಟರಲ್ಲಿ ನನ್ನ ಪುಸ್ತಕಗಳಿಗೂ ತೌಡಿನ ವಾಸನೆ.

ಹೋದ ತಿಂಗಳು ಎಂಜಿನ್ ಮತ್ತೆ ಬಿಚ್ಚಬೇಕೆಂದು ಗ್ಯಾರೇಜಿನವರು ಹೇಳಿದರು. ಅಪ್ಪ ಎರಡು ಹೊಸ ಗಾಡಿ ನೋಡಿ ಬಂದ. ಯಾವುದನ್ನು ಕೊಂಡರೂ ಹಳೆಯದನ್ನು ಶೋರೂಮಿನವರಿಗೇ ಕೊಟ್ಟುಬಿಡಬೇಕು. “ನೀ ಎಂ.ಕಾಂ. ಓದೀದಿ. ಮುಂದಿನ ಹತ್ತು ವರ್ಷದಾಗ ಯಾವುದು ಕಡಿಮಿ ತಿಂತೈತಿ, ಲೆಕ್ಕ ಹಾಕು,” ಎಂದವನು ಅಂಗಳದ ಕಡೆ ನೋಡುತ್ತ, “ಹಳೇದನ್ನೂ ಸೇರ್ಸು,” ಎಂದ.

ಆಯಿಲ್, ಟಯರು, ಕ್ಲಚ್ ಪ್ಲೇಟು, ವಿಮೆ, ಗಾಡಿ ನಿಂತ ದಿನಗಳ ಬಾಡಿಗೆ ನಷ್ಟ, ಎಲ್ಲ ಬರೆದೆ. ಹಳೆಯದು ಗೆಲ್ಲಲೆಂದು ಹೊಸವುಗಳ ವಿಮೆಯನ್ನು ಮತ್ತೆ ಮತ್ತೆ ಕೂಡಿದೆ. ಪ್ರತಿ ಸಲವೂ ವಿಶ್ವವಿದ್ಯಾಲಯದ ಶಿಕ್ಷಣ ಅಡ್ಡ ಬಂತು. ಅವ್ವ ರೊಟ್ಟಿ ಬಡಿಯುತ್ತಲೇ, “ಅಮಾಸಿಗೊಮ್ಮಿ ಕಾಯಿ, ಲಿಂಬಿಹಣ್ಣು ಹಾಕೀಯಿಲ್ಲೋ? ಗಾಡಿ ಬರೇ ನಿನ್ನ ಆಯಿಲ್‌ಮ್ಯಾಲ ಓಡೇತೇನು?” ಎಂದಳು. ಅದು ಮೂರಕ್ಕೂ ಒಂದೇ, ಲೆಕ್ಕ ಬದಲಾಗದು ಎಂದೆ. ಹೊಸದಕ್ಕೆ ಕುಂಬಳಕಾಯಿಯೂ ಬೇಕೆಂದು ನೆನಪಿಸಿದಳು. ಆಸೆಯಿಂದ ಕುಂಬಳಕಾಯಿಯನ್ನೂ ಸೇರಿಸಿದೆ. ಆದರೂ ಹಳೆಯದೇ ಸೋತಿತು.

ಎಂ.ಕಾಂ. ಓದಲು ಹೊರಟಾಗ ಕೊಪ್ಪಳದ ಹಾಸ್ಟೆಲಿಗೆ ನನ್ನನ್ನು ಬಿಡಲು ಬಂದದ್ದೂ ಅದೇ ಗಾಡಿಯಲ್ಲಿ. ಟ್ರಂಕು, ಹಾಸಿಗೆ, ಖಡಕ್ ರೊಟ್ಟಿಯ ಗಂಟು ಇಳಿಸಿದ ಮೇಲೆ ಅಪ್ಪ ಎಡಬಾಗಿಲು ಸರಿಯಾಗಿ ಬಿದ್ದಿದೆಯೋ ಎಂದು ಎರಡೆರಡು ಸಲ ಎಳೆದು ನೋಡಿ ಹೊರಟುಹೋದ. ನಮ್ಮ ಮನೆಯಲ್ಲಿ ಮಾತು ಕಡಿಮೆ. ಆ ಗುಣ ನನಗೆ ಎಲ್ಲಿಂದ ಬಂತೆಂದು ಹುಡುಕಬೇಕಾಗಿಲ್ಲ.

ಲೆಕ್ಕ ಒಪ್ಪಿಸಿದಾಗ ಅಪ್ಪ ಹಾಳೆ ಮಡಚಿ, “ನೀ ತಪ್ಪು ಮಾಡೂದಿಲ್ಲ ಬಿಡು,” ಎಂದ. ಅದು ಹೊಗಳಿಕೆಯಂತೆ ಕೇಳಿಸಲಿಲ್ಲ.

ನಿನ್ನೆ ಸಂಜೆ ಹಳೆಯದು ಹೋಯಿತು, ಹೊಸದು ಬಂತು. ಕುಂಬಳಕಾಯಿ ಒಡೆದದ್ದಾಯಿತು, ಗಾಲಿಗಳಡಿ ಲಿಂಬೆಹಣ್ಣು ಅಪ್ಪಚ್ಚಿಯಾದದ್ದೂ ಆಯಿತು. ಇಂದು ಬೆಳಿಗ್ಗೆ ಬಸ್‌ ಸ್ಟ್ಯಾಂಡಿನವರೆಗೆ ಬಿಡುತ್ತೇನೆಂದ ಅಪ್ಪ ಆಗಲೇ ಒಳಗೆ ಕುಳಿತಿದ್ದ. ನಾನು ಹಿಡಿಕೆ ಎತ್ತಿದೆ, ಮೊಣಕಾಲಿನಿಂದ ಗುದ್ದಿದೆ. ಬಾಗಿಲು ಗುದ್ದಿಗೆ ಕಾಯದೆ ವಿಧೇಯವಾಗಿ ತೆರೆದುಕೊಂಡಿತ್ತು. ಹೊಳೆಯುವ ತಗಡಿನ ಮೇಲೆ ಒಂದು ತಗ್ಗು ಮಾತ್ರ ಉಳಿಯಿತು.

ಅಪ್ಪ ಇಳಿದು ಬಂದು ಹೆಬ್ಬೆರಳಿನಿಂದ ಅದನ್ನು ಸವರಿದ. ಆಮೇಲೆ ನಕ್ಕ, ಹಳೇ ಗಾಡಿ ಹೋದಮೇಲೆ ನಕ್ಕದ್ದು ಅದೇ ಮೊದಲು. “ಇದನ್ನ ನಿನ್ನ ಲೆಕ್ಕದ ಯಾವ ಖಾನೆದಾಗ ಹಾಕ್ತೀಯವ್ವಾ?”

ನಾನು ಹತ್ತಿ ಕುಳಿತು, ಬಾಗಿಲು ಸರಿಯಾಗಿ ಬಿದ್ದಿದೆಯೋ ಎಂದು ಎರಡೆರಡು ಸಲ ಎಳೆದು ನೋಡಿದೆ.