ಇಪ್ಪತ್ಮೂರನೇ ವಿಷಯದ ಅರ್ಜಿದಾರ

ಊರಿನ ವಾರ್ಷಿಕ ಸಭೆಯ ದಿನ ಬೆಳಿಗ್ಗೆ, ಶಾಲಾ ಬಸ್ಸಿನ ಡ್ರೈವರ್ ವೆಂಡೆಲ್ ಲಾಬ್ರೆಕ್ ಕಾಫಿ ಕುಡಿಯುತ್ತ, ಸಭೆಯಲ್ಲಿ ಮತಕ್ಕೆ ಬರುವ ವಿಷಯಗಳ ಪುಸ್ತಕ ತಿರುವಿದ. ಇಪ್ಪತ್ಮೂರನೇ ವಿಷಯಕ್ಕೆ ಬಂದಾಗ ಕಾಫಿ ನೆತ್ತಿಗೇರಿತು.

‘ಸ್ವಲ್ಪ ಗಾಂಜಾ ಇಟ್ಟುಕೊಂಡವರನ್ನು ಅಪರಾಧಿಗಳೆಂದು ಎಣಿಸಬಾರದೆಂದು ನಮ್ಮ ಊರು ರಾಜ್ಯವನ್ನು ಒತ್ತಾಯಿಸಬೇಕೆ? ಅರ್ಜಿದಾರರು: ವೆಂಡೆಲ್ ಲಾಬ್ರೆಕ್ ಮತ್ತು ಇತರ ಇಪ್ಪತ್ನಾಲ್ಕು ಮಂದಿ.’

ಅರ್ಜಿ ಯಾರೇ ಬರೆಯಲಿ, ಅಚ್ಚಾಗುವುದು ಮೊದಲ ಸಹಿ ಹಾಕಿದವರ ಹೆಸರು. ಪುಸ್ತಕ ಮನೆಮನೆಗೂ ಹೋಗಿತ್ತು. ಗಾಂಜಾ ಡ್ರೈವರನ ಬಸ್ಸಿಗೆ ಯಾರು ಮಕ್ಕಳನ್ನು ಹತ್ತಿಸುತ್ತಾರೆ? ವೆಂಡೆಲ್ ಕೆಸರು ತುಳಿದುಕೊಂಡೇ, ಆ ಅರ್ಜಿ ಹಿಡಿದು ಸಹಿ ಕೇಳಲು ಬಂದಿದ್ದ ಬರ್ನಿಸ್‌ಳ ಪಕ್ಕದ ಮನೆಗೆ ಓಡಿದ.

“ಬರ್ನಿಸ್, ಏನು ಮಾಡಿಟ್ಟೆ ಮಾರಾಯ್ತಿ! ನನ್ನ ಕೆಲಸ ಹೋಗುತ್ತೆ!”

“ನಾನೇನ್ ಮಾಡ್ದೆ? ಓದು ಅಂದೆ. ‘ಸಹಿ ಎಲ್ಲಿ ಹಾಕ್ಲಿ’ ಅಂದವನು ನೀನು.”

“ಒಲೆ ಮೇಲೆ ಪ್ಯಾನ್‌ಕೇಕ್ ಸೀಯ್ತಿತ್ತು! ರಸ್ತೆ ಗುಂಡಿ ಮುಚ್ಚೋ ಅರ್ಜಿ ಅಂದ್ಕೊಂಡೆ!”

“ಈಗ ಗುಂಡಿಗೆ ನೀನೇ ಬಿದ್ದೆಯಲ್ಲ. ಬೇಗ ಹೊರಡು, ಸಭೆಯಲ್ಲಿ ಆ ಅರ್ಜಿ ಬಗ್ಗೆ ಮೊದಲು ಮಾತಾಡಬೇಕಾದವನು ನೀನೇ.”

ಸಭಾಭವನದಲ್ಲಿ ಕಾಲಿಡುತ್ತಲೇ ಕಸದ ಲಾರಿಯ ಅಮೋಸ್ ಬೆನ್ನು ತಟ್ಟಿದ. “ನಿನ್ನ ಬಸ್ಸು ಯಾಕೆ ಬಸವನಹುಳು ಥರ ತೆವಳುತ್ತೆ ಅಂತ ಈಗ ಗೊತ್ತಾಯ್ತು ಬಿಡಪ್ಪ.” ಮಧ್ಯಾಹ್ನ ಊಟ ಬಡಿಸುತ್ತಿದ್ದ ಚರ್ಚಿನ ಹೆಂಗಸರು ಅವನ ತಟ್ಟೆಗೆ ಮಾತ್ರ ಸೇಬಿನ ಪೈ ಎರಡು ತುಂಡು ಹಾಕಿದರು. “ತಗೊಳ್ಳಿ, ಅದು ಸೇದಿದ್ರೆ ಹಸಿವು ಜಾಸ್ತಿಯಂತೆ.” ಇಬ್ಬರು ತಾಯಂದಿರು ನಾಳೆಯಿಂದ ಮಕ್ಕಳನ್ನು ತಾವೇ ಶಾಲೆಗೆ ಬಿಡುವುದಾಗಿ ಅವನಿಗೆ ಕೇಳುವಂತೆಯೇ ಮಾತಾಡಿಕೊಂಡರು. ಎರಡನೇ ಸಾಲಿನಲ್ಲಿ ಬಸ್ಸುಗಳ ಮೇಲ್ವಿಚಾರಕಿ ಮಿಸೆಸ್ ಹ್ಯಾಸ್ಕೆಲ್ ತಲೆ ಎತ್ತದೆ ಕಾಲುಚೀಲ ಹೆಣೆಯುತ್ತಿದ್ದರು. ವೆಂಡೆಲ್‌ಗೆ ಆ ಕಡ್ಡಿಗಳು ತನ್ನನ್ನೇ ಚುಚ್ಚುತ್ತಿರುವಂತೆ ಅನ್ನಿಸಿತು.

ಮೂರು ಗಂಟೆಗೆ ಅಧ್ಯಕ್ಷರು ಅವನ ಹೆಸರು ಕೂಗಿದರು. ವೆಂಡೆಲ್ ಎದ್ದು ಮೈಕನ್ನು ಸ್ಟಿಯರಿಂಗಿನಂತೆ ಎರಡೂ ಕೈಯಲ್ಲಿ ಹಿಡಿದ.

“ನಾನು ಗಾಂಜಾ ಕಣ್ಣಲ್ಲೂ ಕಂಡವನಲ್ಲ. ಈ ಅರ್ಜಿ ಓದೇ ಇಲ್ಲ. ಇದೊಂದೇ ಅಲ್ಲ, ಯಾವ ಕಾಗದಾನೂ ನಾನು ಓದಲ್ಲ. ಮುಂದಿಟ್ರೆ ಸಹಿ ಹಾಕಿಬಿಡ್ತೀನಿ. ಇಪ್ಪತ್ತು ವರ್ಷದಿಂದ ಇದೇ ಅಭ್ಯಾಸ. ಬೇಕಾದ್ರೆ ಬೈಬಲ್ ಮುಟ್ಟಿ ಹೇಳ್ತೀನಿ. ದಯವಿಟ್ಟು ಎಲ್ಲರೂ ‘ಬೇಡ’ ಅಂತ ಹಾಕಿ!”

ಚಪ್ಪಾಳೆ ಬಿತ್ತು. ಜನ ಸಾಲಾಗಿ ಬಂದು ಮರದ ಪೆಟ್ಟಿಗೆಗೆ ಚೀಟಿ ಹಾಕಿದರು. ಬೇಕು ಅರವತ್ತೊಂದು, ಬೇಡ ಅರವತ್ತೆಂಟು. ಆ ತಾಯಂದಿರಿಬ್ಬರೂ ಬಂದು ಅವನ ಕೈ ಕುಲುಕಿದರು. ಬರ್ನಿಸ್ ಮಾತ್ರ ಮುಖ ತಿರುಗಿಸಿ ಹೋದಳು.

ಮಿಸೆಸ್ ಹ್ಯಾಸ್ಕೆಲ್ ಹೆಣಿಗೆಯನ್ನು ಚೀಲಕ್ಕೆ ತುರುಕಿ ಹತ್ತಿರ ಬಂದರು.

“ನನ್ನ ಕೆಲಸಕ್ಕೇನೂ ತೊಂದರೆ ಇಲ್ಲವಲ್ಲ, ಮೇಡಂ?”

“ಆ ಅರ್ಜಿಯಿಂದ ಯಾವ ತೊಂದರೆನೂ ಇರಲಿಲ್ಲ. ನಾನೇ ‘ಬೇಕು’ ಅಂತ ಹಾಕಿದೆ.” ಅವರು ದನಿ ತಗ್ಗಿಸಿದರು. “ದಿನಾ ಬೆಳಿಗ್ಗೆ ಬ್ರೇಕು, ದೀಪ, ಟೈರು ಎಲ್ಲ ನೋಡಿದ್ದೀನಿ ಅಂತ ಒಂದು ಹಾಳೆಗೆ ಸಹಿ ಹಾಕಿ ಕೊಡ್ತೀರಲ್ಲ, ಅದನ್ನಾದ್ರೂ ಓದ್ತೀರಾ?”

“ಸಹಿ ಹಾಕ್ತೀನಿ ಮೇಡಂ, ಒಂದು ದಿನಾನೂ ತಪ್ಪಿಸಿಲ್ಲ.”

“ನಿಮ್ಮ ಬಸ್ಸಿಗೆ ಟೈರು ಎಷ್ಟು, ವೆಂಡೆಲ್?”

“ನಾಲ್ಕು...”

“ಆರು,” ಎಂದು ಮಿಸೆಸ್ ಹ್ಯಾಸ್ಕೆಲ್ ಬಸ್ಸಿನ ಕೀಲಿಗಾಗಿ ಕೈ ಚಾಚಿದರು.